ಮೀಟರಿನಿಂದ ಕೆರೆಯವರೆಗೆ: ತೋಟಕ್ಕೆ ಕೇಬಲ್ ಆರಿಸುವ, ಹೂಳುವ, ಜೋಡಿಸುವ ಬಗೆ

ತೋಟಕ್ಕೆ ಕೇಬಲ್ ಕೊಳ್ಳಲು ಹೊರಟವರು ಮೊದಲು ಅಂಗಡಿಯಲ್ಲಿ ಅದರದೇ ಒಂದು ಗೇಣು ತುಂಡನ್ನು ಕೇಳಿ ಪಡೆಯಬೇಕು. ಬದಿಯಡ್ಕದಲ್ಲಾಗಲಿ ಪುತ್ತೂರಿನಲ್ಲಾಗಲಿ, ನೂರಾರು ಮೀಟರ್ ಕೊಳ್ಳುವ ಗಿರಾಕಿಗೆ ಅಷ್ಟು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅದನ್ನು ಮನೆಗೆ ತಂದು ಚೂರಿಯಿಂದ ಪದರ ಪದರವಾಗಿ ಬಿಡಿಸಿ ಜಗಲಿಯ ಮೇಲೆ ಸಾಲಾಗಿ ಇಡಿ. ಹೊರಗೆ ಕಪ್ಪು ಕವಚ. ಅದರೊಳಗೆ ಸತುವಿನ ಲೇಪವಿರುವ ಉಕ್ಕಿನ ತಂತಿಗಳ ಸುತ್ತು. ಅದರೊಳಗೆ ಇನ್ನೊಂದು ತೆಳು ಕವಚ. ಆಮೇಲೆ ಬಣ್ಣ ಬಣ್ಣದ ಕೋರ್‌ಗಳು, ಪ್ರತಿಯೊಂದರ ನಡುವೆ ತಾಮ್ರ ಅಥವಾ ಅಲ್ಯುಮಿನಿಯಂ. ಈ ಸಾಲಿನಲ್ಲಿ ಸುಮ್ಮನೆ ಬಂದು ಸೇರಿಕೊಂಡ ಪದರ ಒಂದೂ ಇಲ್ಲ. ಹಿಂದೆ ಎಲ್ಲೋ ಒಂದು ಕೇಬಲ್ ಸೋತಿತು, ಆ ಸೋಲಿಗೆ ಉತ್ತರವಾಗಿ ಒಂದು ಪದರ ಸೇರಿತು. ಯಾವ ಪದರ ಯಾವ ಶತ್ರುವನ್ನು ತಡೆಯುತ್ತದೆ ಎಂದು ಗೊತ್ತಿದ್ದವನಿಗೆ ತನ್ನ ತೋಟಕ್ಕೆ ಯಾವುದು ಬೇಕು, ಯಾವುದು ಬೇಡ ಎಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಸುತ್ತಿನ ಅಡಿಕೆ ತೋಟಗಳಲ್ಲಿ ಪಂಪಿನ ವಯರಿಂಗ್ ಮಾಡುವುದು ನನ್ನ ಕಸುಬು. ಪರವಾನಗಿ ಪಡೆದು ವಯರ್‌ಮ್ಯಾನ್ ಆಗುವ ಮೊದಲು ದೂರವಾಣಿ ಕೇಬಲ್ ಜೋಡಿಸುವ ತಂಡದಲ್ಲಿ ಸಹಾಯಕನಾಗಿದ್ದೆ. ನಮ್ಮಲ್ಲಿ ಮನೆ ಗುಡ್ಡೆಯ ಮೇಲೆ, ತೋಟ ತಗ್ಗಿನಲ್ಲಿ, ಕೆರೆ ತೋಟದ ಆಚೆ ತುದಿಯಲ್ಲಿ. ಮೀಟರಿನಿಂದ ಮೋಟಾರಿಗೆ ನೂರೈವತ್ತು ಇನ್ನೂರು ಮೀಟರ್ ದೂರವಿರುವುದು ಸಾಮಾನ್ಯ. ಮೋಟಾರು ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವವರು ಕೇಬಲ್ಲಿನ ಮಾತು ಬಂದಾಗ, ‘ಎರಡೂವರೆಯದ್ದು ಸಾಕಲ್ಲವೇ ಅಣ್ಣಾ?’ ಎಂದು ಕೇಳಿ (ತಾಮ್ರದ ಅಡ್ಡಕೊಯ್ತ 2.5 ಚದರ ಮಿ.ಮೀ. ಇರುವ ಕೇಬಲ್ ಎಂದರ್ಥ) ಮುಗಿಸಿಬಿಡುತ್ತಾರೆ. ಹೆಚ್ಚಿನ ತೋಟಗಳಿಗೆ ಸಾಲುವುದಿಲ್ಲ. ಏಕೆ ಸಾಲುವುದಿಲ್ಲ ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಳೆಯುವುದು, ಆರಿಸುವುದು, ಅಗೆಯುವುದು, ಹೂಳುವುದು ಇಷ್ಟನ್ನು ಮನೆಯವರೇ ಮಾಡಬಹುದು. ಮೀಟರಿನ ಬದಿಯ ಮತ್ತು ಪ್ಯಾನೆಲಿನ ಬದಿಯ ಸಂಪರ್ಕವನ್ನು ಪರವಾನಗಿ ಇರುವವರಿಂದಲೇ ಮಾಡಿಸಿ, ಮತ್ತು ಅವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ.

ತಾಮ್ರ ಎಷ್ಟು ದಪ್ಪ ಬೇಕು

ದೂರವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಕೇಬಲ್ ಹೋಗುವ ದಾರಿಯಲ್ಲೇ ಟೇಪ್ ಹಿಡಿದು ನಡೆಯಿರಿ. ಕಟ್ಟೆಯ ಏರಿಳಿತ, ತೋಡಿನ ತಿರುವು, ಪಂಪ್ ಶೆಡ್ಡಿನ ಗೋಡೆ ಹತ್ತುವ ಉದ್ದ ಎಲ್ಲವೂ ಲೆಕ್ಕಕ್ಕೆ ಬರಬೇಕು. ಎರಡೂ ತುದಿಗಳಲ್ಲಿ ಎರಡೆರಡು ಮೀಟರ್ ಹೆಚ್ಚು ಇಟ್ಟುಕೊಳ್ಳಿ. ಮುಂದೆಂದಾದರೂ ತುದಿ ಸುಟ್ಟರೆ ಕತ್ತರಿಸಿ ಎಳೆದುಕೊಳ್ಳಲು ಅದು ಬೇಕಾಗುತ್ತದೆ. ಆಮೇಲೆ ಮೋಟಾರಿನ ಮೈಮೇಲಿನ ಫಲಕದಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿ. ಎಚ್‌ಪಿ ನೋಡಿ ಕೇಬಲ್ ಆರಿಸುವುದಕ್ಕಿಂತ ಆಂಪಿಯರ್ ನೋಡಿ ಆರಿಸುವುದು ಸರಿ.

ಉದಾಹರಣೆಗೆ ಮೋಟಾರು ಸಿಂಗಲ್ ಫೇಸಿನದ್ದು, ಫಲಕದಲ್ಲಿ 10 ಆಂಪಿಯರ್ ಎಂದಿದೆ, ದೂರ 150 ಮೀಟರ್ ಎಂದು ಇಟ್ಟುಕೊಳ್ಳಿ. ಕರೆಂಟು ಹೋಗಿ ಬರಬೇಕಾದ್ದರಿಂದ ತಂತಿಯ ಉದ್ದ 300 ಮೀಟರ್. 2.5 ಚದರ ಮಿ.ಮೀ. ತಾಮ್ರಕ್ಕೆ ಕಿಲೋಮೀಟರಿಗೆ 7.41 ಓಮ್ ರೋಧ. 300 ಮೀಟರಿಗೆ 2.22 ಓಮ್. ಅದನ್ನು 10 ಆಂಪಿಯರಿನಿಂದ ಗುಣಿಸಿದರೆ 22 ವೋಲ್ಟ್; ಇಷ್ಟು ವೋಲ್ಟೇಜ್ ದಾರಿಯಲ್ಲೇ ಇಳಿದುಹೋಗುತ್ತದೆ. ಮೀಟರಿನಲ್ಲಿ 230 ಇದ್ದರೆ ಮೋಟಾರಿಗೆ ತಲುಪುವುದು 208. ನಮ್ಮ ಒಳಪ್ರದೇಶದ ಲೈನುಗಳಲ್ಲಿ ಸಂಜೆಯ ಹೊತ್ತು ಮೀಟರಿನಲ್ಲೇ 200 ಇರುವುದುಂಟು. ಆಗ ಮೋಟಾರಿಗೆ ಸಿಗುವುದು 178. ಓಡುತ್ತಿರುವಾಗಿನ ಮಾತಾಯಿತು ಇದು. ಹೊರಡುವ ಕ್ಷಣದಲ್ಲಿ ಮೋಟಾರು ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ, ಇಳಿತವೂ ಅದೇ ಲೆಕ್ಕದಲ್ಲಿ ಏರುತ್ತದೆ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆ: ವೋಲ್ಟೇಜ್ ನೂರರಲ್ಲಿ ಎಂಬತ್ತಕ್ಕೆ ಇಳಿದರೆ ಬಲ ನೂರರಲ್ಲಿ 64ಕ್ಕೆ ಇಳಿಯುತ್ತದೆ. ಮೋಟಾರು ಗುಂಯ್‌ಗುಡುತ್ತಾ ತಿರುಗದೆ ನಿಲ್ಲುವುದು, ಕೆಪಾಸಿಟರ್ ಮತ್ತೆ ಮತ್ತೆ ಹೋಗುವುದು, ವೈಂಡಿಂಗ್ ಸುಡುವುದು ಇವೆಲ್ಲ ಅಲ್ಲಿಂದ ಶುರು. ಬೈಯಿಸಿಕೊಳ್ಳುವುದು ಮಾತ್ರ ಮೋಟಾರಿನ ಕಂಪನಿ.

ಅದೇ ದೂರಕ್ಕೆ 4 ಚದರ ಮಿ.ಮೀ. ಹಾಕಿದರೆ ಕಿಲೋಮೀಟರಿಗೆ 4.61 ಓಮ್, ಇಳಿತ ಸುಮಾರು 14 ವೋಲ್ಟ್. 6 ಹಾಕಿದರೆ 3.08 ಓಮ್, ಇಳಿತ 9 ವೋಲ್ಟ್ ಚಿಲ್ಲರೆ, ಅಂದರೆ ನೂರಕ್ಕೆ ನಾಲ್ಕು. ಓಡುವಾಗಿನ ಇಳಿತ ನೂರಕ್ಕೆ ಐದನ್ನು ದಾಟಬಾರದು ಎಂಬುದು ನಾನು ಪಾಲಿಸುವ ಗೆರೆ. ಆದ್ದರಿಂದ ಈ ತೋಟಕ್ಕೆ 6 ಬೇಕು. ಇನ್ನೊಂದು ಲಾಭವೂ ಇದೆ. 22 ವೋಲ್ಟನ್ನು 10 ಆಂಪಿಯರಿನಿಂದ ಗುಣಿಸಿದರೆ 220 ವ್ಯಾಟ್. ಪಂಪ್ ಓಡುವಷ್ಟು ಹೊತ್ತೂ ಇಷ್ಟು ವಿದ್ಯುತ್ತು ಮಣ್ಣನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. ದಪ್ಪ ಕೇಬಲ್ಲಿನಲ್ಲಿ ಅದು ತೊಂಬತ್ತಕ್ಕೆ ಇಳಿಯುತ್ತದೆ. ತ್ರೀ ಫೇಸ್ ಇರುವವರಿಗೆ ಅದೇ ಕೆಲಸಕ್ಕೆ ಒಂದೊಂದು ತಂತಿಯಲ್ಲಿ ಕಡಿಮೆ ಕರೆಂಟು ಸಾಕಾಗುವುದರಿಂದ ಇಳಿತವೂ ಬಹಳ ಕಡಿಮೆ. ದೊಡ್ಡ ಮೋಟಾರು, ಉದ್ದದ ದಾರಿ ಎಂದಾದರೆ ತ್ರೀ ಫೇಸಿಗೆ ಅರ್ಜಿ ಹಾಕುವುದೇ ಒಳ್ಳೆಯದು.

ತಾಮ್ರ ಉಳಿಸಲು ಹೋಗಿ ಕೈಸುಟ್ಟುಕೊಳ್ಳುವುದು ಕೇಬಲ್ಲಿನ ಇತಿಹಾಸದಷ್ಟೇ ಹಳೆಯದು. 1858ರಲ್ಲಿ ಐರ್ಲೆಂಡಿನಿಂದ ಅಮೆರಿಕದ ಕಡೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಸಂದೇಶ (ಟೆಲಿಗ್ರಾಂ) ಕಳಿಸುವ ಮೊದಲ ಕೇಬಲ್ ಹಾಕಿದರು. ಅದರ ನಡುವಿನ ತಾಮ್ರ ಒಂದು ನಾಟಿಕಲ್ ಮೈಲಿಗೆ 107 ಪೌಂಡ್ ಮಾತ್ರ. ಅಷ್ಟು ಉದ್ದದ ಕೇಬಲ್ಲಿಗೆ ದಪ್ಪ ತಾಮ್ರ, ದಪ್ಪ ಹೊದಿಕೆ ಬೇಕು ಎಂದು ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಲೆಕ್ಕ ಸಮೇತ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಗ್ಲೆಂಡಿನ ರಾಣಿಯ 98 ಪದಗಳ ಸಂದೇಶ ಆಚೆ ದಡಕ್ಕೆ ತಲುಪಲು 16 ಗಂಟೆ ಹಿಡಿಯಿತು. ಸಂಕೇತ ಮಂಕಾಗಿದೆ ಎಂದು ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2000 ವೋಲ್ಟ್ ಕೊಟ್ಟು ನೂಕಲು ನೋಡಿದ. ಮೊದಲೇ ಬಡಕಲಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತಿತು. 1866ರಲ್ಲಿ ‘ಗ್ರೇಟ್ ಈಸ್ಟರ್ನ್’ ಹಡಗು ಹಾಕಿದ, ಬಾಳಿ ಬದುಕಿದ ಕೇಬಲ್ಲಿನಲ್ಲಿ ತಾಮ್ರ ಮೈಲಿಗೆ 300 ಪೌಂಡ್. ಹೆಚ್ಚುಕಡಿಮೆ ಮೂರು ಪಟ್ಟು. ಕೇಬಲ್ ತೆಳುವಾದಾಗ ವೋಲ್ಟೇಜ್ ಏರಿಸಿ ಸರಿಮಾಡುತ್ತೇನೆಂದು ಸ್ಟೆಬಿಲೈಸರ್ ತಂದಿಡುವವರನ್ನು ಕಂಡಾಗೆಲ್ಲ ನನಗೆ ವೈಟ್‌ಹೌಸ್ ನೆನಪಾಗುತ್ತಾನೆ.

ಹಳಬರು ಅಂಗಡಿಯಲ್ಲಿ ಇನ್ನೂ ‘ಮೂರು-ಇಪ್ಪತ್ತು’, ‘ಏಳು-ಇಪ್ಪತ್ತು’ ಎಂದು ಕೇಳುತ್ತಾರೆ. ಇಪ್ಪತ್ತನೇ ಗೇಜಿನ ಮೂರು ಎಳೆ ಅಥವಾ ಏಳು ಎಳೆ ಎಂಬ ಲೆಕ್ಕ ಅದು. ಆ ಗೇಜಿನ ಒಂದು ಎಳೆಗೆ 0.914 ಮಿ.ಮೀ. ವ್ಯಾಸ; ಮೂರು ಎಳೆ ಸೇರಿದರೆ ಸುಮಾರು 2 ಚದರ ಮಿ.ಮೀ., ಏಳು ಸೇರಿದರೆ 4.6. ಅಪ್ಪನ ಕಾಲದ ಏಳು-ಇಪ್ಪತ್ತನ್ನು ತೆಗೆದು ‘ಹೊಸದು’ ಎಂದು ಎರಡೂವರೆ ಹಾಕಿಸಿದರೆ ಇದ್ದದ್ದರಲ್ಲಿ ಅರ್ಧ ಕಳೆದುಕೊಂಡಂತೆ. ಕಿತ್ತು ಹಾಕುವ ಮೊದಲು ಹಳೆಯ ಎಳೆಗಳನ್ನು ಎಣಿಸಿ ನೋಡಿ.

ಅಲ್ಯುಮಿನಿಯಂ ಬೇಡವೇ ಎಂದರೆ, ಬೇಡ ಎನ್ನುವವನು ನಾನಲ್ಲ. 10 ಚದರ ಮಿ.ಮೀ. ಅಲ್ಯುಮಿನಿಯಮ್ಮಿನ ರೋಧವೂ ಕಿಲೋಮೀಟರಿಗೆ 3.08 ಓಮ್, ಅಂದರೆ 6ರ ತಾಮ್ರ ಮಾಡುವ ಕೆಲಸವನ್ನು ಅದು ಮಾಡುತ್ತದೆ, ಬೆಲೆ ಬಹಳ ಕಡಿಮೆ. ತಾಪತ್ರಯವೆಲ್ಲ ತುದಿಗಳಲ್ಲಿ. ಅಲ್ಯುಮಿನಿಯಂ ಗಾಳಿಗೆ ಒಡ್ಡಿದ ಕೂಡಲೇ ಕರೆಂಟು ಹರಿಯದ ತೆಳು ಪೊರೆ ಕಟ್ಟಿಕೊಳ್ಳುತ್ತದೆ, ಸ್ಕ್ರೂವಿನ ಅಡಿಯಲ್ಲಿ ನಿಧಾನವಾಗಿ ಚಪ್ಪಟೆಯಾಗಿ ಸಡಿಲವಾಗುತ್ತದೆ. ತಾಮ್ರ ಅಥವಾ ಹಿತ್ತಾಳೆಯ ಟರ್ಮಿನಲ್‌ಗೆ ನೇರವಾಗಿ ತಾಗಿದರೆ ನಮ್ಮ ಮಳೆಗಾಲದ ತೇವದಲ್ಲಿ ಸವೆಯುತ್ತದೆ. ಅದಕ್ಕೆ ಒಂದು ಬದಿ ಅಲ್ಯುಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ಬೈಮೆಟಲ್ ಲಗ್ (ತಂತಿಯ ತುದಿಗೆ ತೊಡಿಸುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಿಸಬೇಕು, ಅಂದರೆ ಒತ್ತಿ ಬಿಗಿಸಬೇಕು. ಅಡಿಕೆ ಬೆಳೆಗಾರರಿಗೆ ಇನ್ನೊಂದು ಎಚ್ಚರಿಕೆ: ಬೋರ್ಡೋ ದ್ರಾವಣ ಕಲಸುವ ಡ್ರಮ್ಮನ್ನು ಪಂಪ್ ಶೆಡ್ಡಿನ ಒಳಗೆ ಇಡಬೇಡಿ. ಅದರಲ್ಲಿನ ಮೈಲುತುತ್ತು ಸಿಡಿದಲ್ಲಿ ಅಲ್ಯುಮಿನಿಯಂ ಲಗ್ಗೂ ಉಳಿಯುವುದಿಲ್ಲ, ಕಬ್ಬಿಣದ ಪ್ಯಾನೆಲ್ಲೂ ಉಳಿಯುವುದಿಲ್ಲ.

ಲೋಹದ ಮೇಲಿನ ಹೊದಿಕೆ

ರಬ್ಬರ್ ಟ್ಯಾಪಿಂಗ್ ಮಾಡುವ ಊರಿನವರಿಗೆ ಇದು ಹಿಡಿಸುವ ಕಥೆ. ಕರೆಂಟನ್ನು ನೀರಿನಿಂದ ಕಾಪಾಡಿದ ಮೊದಲ ಒಳ್ಳೆಯ ಹೊದಿಕೆ ಬಂದದ್ದು ಒಂದು ಮರದ ಹಾಲಿನಿಂದ. ರಬ್ಬರ್ ಮರದ್ದಲ್ಲ, ಮಲಯದ ಕಾಡುಗಳ ಗಟ್ಟಾಪರ್ಚಾ ಮರದ್ದು. ಬಿಸಿನೀರಿನಲ್ಲಿ ಮೆತ್ತಗಾಗಿ, ತಣ್ಣನೆಯ ಸಮುದ್ರದ ತಳದಲ್ಲಿ ಗಟ್ಟಿಯಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು ಅದು. ಜರ್ಮನಿಯ ವೆರ್ನರ್ ಸೀಮೆನ್ಸ್ 1847ರ ಹೊತ್ತಿಗೆ ಅದನ್ನು ತಂತಿಯ ಮೇಲೆ ಬೆಸುಗೆಯಿಲ್ಲದೆ ಒತ್ತಿ ಕೂರಿಸುವ ಯಂತ್ರ ಮಾಡಿದರು. ಇಂದಿನ ಕೇಬಲ್ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕನ್ನು ತಂತಿಯ ಮೇಲೆ ಒತ್ತುವುದೂ ಅದೇ ಬಗೆಯಲ್ಲಿ. ಮನೆಗಳಿಗೆ ಗಂಧಕ ಬೆರೆಸಿ ಕಾಯಿಸಿದ ರಬ್ಬರ್ ಬಂತು. ಆ ಗಂಧಕ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತಿದ್ದುದರಿಂದ ತಾಮ್ರಕ್ಕೆ ತವರದ ಲೇಪ ಕೊಡುತ್ತಿದ್ದರು. ನಿಮ್ಮ ಹಳೆಯ ಮನೆಯ ಮರದ ಪಟ್ಟಿಯ ವಯರಿಂಗ್ ಬಿಚ್ಚಿದಾಗ ಒಳಗಿನ ತಂತಿ ಬೆಳ್ಳಗೆ ಕಂಡರೆ ಅಲ್ಯುಮಿನಿಯಂ ಎಂದು ಗುಜರಿಗೆ ಹಾಕಬೇಡಿ, ಕೆರೆದು ನೋಡಿ. ತವರದ ಅಡಿಯಲ್ಲಿ ತಾಮ್ರ ಇರುತ್ತದೆ. ಆ ರಬ್ಬರ್ ಒಣಗಿ ಪುಡಿಯಾಗುವ ವಯಸ್ಸು ಎಂದೋ ಕಳೆದಿದೆ. ಅಂಥ ವಯರಿಂಗ್ ಇನ್ನೂ ಚಾಲ್ತಿಯಲ್ಲಿದ್ದರೆ ಈ ಮಳೆಗಾಲಕ್ಕೆ ಮೊದಲೇ ಬದಲಿಸಿ.

ರಬ್ಬರಿನ ನಂತರದ ದೊಡ್ಡ ಹೆಜ್ಜೆ ಕಾಗದ. ಲಂಡನ್ನಿನಲ್ಲಿ ಫೆರಾಂಟಿ ಎಂಬ ತರುಣ ಎಂಜಿನಿಯರ್ 1890ರ ಸುಮಾರಿಗೆ ಡೆಪ್ಟ್‌ಫರ್ಡ್ ವಿದ್ಯುತ್ ಕೇಂದ್ರದಿಂದ ನಗರಕ್ಕೆ 10,000 ವೋಲ್ಟ್ ಒಯ್ಯಲು ಮೇಣದಲ್ಲಿ ಅದ್ದಿದ ಕಾಗದವನ್ನು ತಾಮ್ರದ ಕೊಳವೆಗೆ ಸುತ್ತಿದರು. 20 ಅಡಿಯ ತುಂಡುಗಳು, ಸಾವಿರಾರು ಜೋಡಣೆಗಳು. ಆದರೂ ದಶಕಗಳ ಕಾಲ ಕೆಲಸ ಮಾಡಿತು. ಕಾಗದಕ್ಕೆ ತೇವ ತಾಗಬಾರದೆಂದು ಸೀಸದ ಕವಚ ಬಂತು. ನಾನು ಸಹಾಯಕನಾಗಿದ್ದಾಗ ಹಳೆಯ ದೂರವಾಣಿ ಕೇಬಲ್‌ಗಳು ಇಂಥವೇ ಇದ್ದವು: ಹೊರಗೆ ಸೀಸ, ಒಳಗೆ ಕಾಗದ ಸುತ್ತಿದ ನೂರಾರು ಜೋಡಿ ತಂತಿ. ಗುಂಡಿಯ ಮೇಲೆ ಡೇರೆ ಕಟ್ಟಿ, ಹಿರಿಯ ಜಾಯಿಂಟರ್ ಒಂದು ಚೂರು ಕಾಗದವನ್ನು ಕುದಿಯುವ ಮೇಣದಲ್ಲಿ ಅದ್ದುತ್ತಿದ್ದರು. ನೊರೆ ಎದ್ದರೆ ತೇವ ಇದೆ ಎಂದರ್ಥ, ಇನ್ನಷ್ಟು ಹಿಂದಕ್ಕೆ ಕತ್ತರಿಸಬೇಕು. ನೊರೆ ಏಳದ ಜಾಗ ಸಿಗುವವರೆಗೂ ಅವರು ಜೋಡಣೆಗೆ ಕೈ ಹಾಕುತ್ತಿರಲಿಲ್ಲ. ನೀರಿನ ಬಗ್ಗೆ ಭಯ ಇರಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ.

ಈಗ ನಿಮ್ಮ ಮುಂದೆ ಎರಡು ಆಯ್ಕೆಗಳಿವೆ: ಪಿವಿಸಿ ಮತ್ತು ಎಕ್ಸ್‌ಎಲ್‌ಪಿಇ. ಗಡುಸಾಗಿದ್ದ ಪಿವಿಸಿಯನ್ನು ಮೆತ್ತಗಾಗಿಸುವ ದಾರಿಯನ್ನು ಅಮೆರಿಕದ ವಾಲ್ಡೋ ಸೆಮನ್ 1926ರಲ್ಲಿ ಕಂಡುಕೊಂಡರು. ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ಸಿಕ್ಕಿತು. ಅದರ ಅಣುಗಳನ್ನು ಒಂದಕ್ಕೊಂದು ಹೆಣೆದು, ಬಿಸಿಗೆ ಕರಗದಂತೆ ಮಾಡಿದ್ದೇ ಎಕ್ಸ್‌ಎಲ್‌ಪಿಇ. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್ ತಾಳುತ್ತದೆ, ಎಕ್ಸ್‌ಎಲ್‌ಪಿಇ 90. ಪುಗಳೂರಿನಿಂದ ತೃಶೂರಿಗೆ 320 ಕಿಲೋವೋಲ್ಟಿನಲ್ಲಿ ಬರುವ ನೇರ ಪ್ರವಾಹದ ಲೈನು ಕೇರಳದೊಳಗಿನ ಕೊನೆಯ ಭಾಗದಲ್ಲಿ ನೆಲದಡಿಗೆ ಇಳಿಯುವುದು ಇದೇ ಎಕ್ಸ್‌ಎಲ್‌ಪಿಇ ಹೊದಿಕೆಯ ಕೇಬಲ್ಲಿನಲ್ಲಿ. ತೋಟದಲ್ಲಿ ಹೂಳುವುದಕ್ಕೆ ನಾನು ಎಕ್ಸ್‌ಎಲ್‌ಪಿಇ ಆರ್ಮರ್ಡ್ (ಉಕ್ಕಿನ ತಂತಿ ಸುತ್ತಿದ) ಕೇಬಲ್ಲನ್ನೇ ಹೇಳುತ್ತೇನೆ. ಮೈಮೇಲೆ 1100 ವೋಲ್ಟ್ ಎಂದೂ ಐಎಸ್ (ಭಾರತೀಯ ಮಾನಕ) 7098 ಎಂದೂ ಅಚ್ಚಾಗಿರಬೇಕು; ಪಿವಿಸಿ ಆರ್ಮರ್ಡ್ ಆದರೆ ಐಎಸ್ 1554. ಐಎಸ್ 694 ಎಂದಿದ್ದರೆ ಅದು ಗೋಡೆಯೊಳಗಿನ ವಯರಿಂಗಿಗೆ ಬಳಸುವ ತಂತಿ, ನೇರವಾಗಿ ಮಣ್ಣಿಗೆ ಹಾಕುವಂಥದ್ದಲ್ಲ. ಮೀಟರ್ ಮೀಟರಿಗೂ ಉದ್ದದ ಅಂಕಿ ಅಚ್ಚಾಗಿರುತ್ತದೆ. ಮೊದಲ ಅಂಕಿ, ಕೊನೆಯ ಅಂಕಿ ಬರೆದುಕೊಂಡು ಬಿಲ್ಲಿನೊಂದಿಗೆ ಹೋಲಿಸಿ. ಉರುಳೆಯ ತುದಿಗೆ ಟೊಪ್ಪಿ ಹಾಕಿರಬೇಕು. ಬಾಯಿ ತೆರೆದುಕೊಂಡು ಅಂಗಡಿಯ ಹೊರಗೆ ಮಳೆಯಲ್ಲಿ ಬಿದ್ದಿದ್ದ ಉರುಳೆಯನ್ನು ತೆಗೆದುಕೊಳ್ಳಬೇಡಿ. ಎಳೆಗಳ ನಡುವೆ ನೀರು ಎಷ್ಟು ದೂರ ಹೋಗಿದೆಯೆಂದು ಹೊರಗಿನಿಂದ ಹೇಳಲಾಗುವುದಿಲ್ಲ.

ಉಕ್ಕಿನ ಕವಚ, ಮರಳು, ಹೆಂಚು

1850ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಕಡಲಲ್ಲಿ ಹಾಕಿದ ಮೊದಲ ಕೇಬಲ್ಲಿಗೆ ಗಟ್ಟಾಪರ್ಚಾ ಹೊದಿಕೆ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. ಮರುದಿನಕ್ಕೇ ತುಂಡಾಯಿತು. 1851ರಲ್ಲಿ ಅದೇ ಹೊದಿಕೆಯ ಮೇಲೆ ದಪ್ಪ ಕಬ್ಬಿಣದ ತಂತಿಗಳನ್ನು ಸುತ್ತಿ ಹಾಕಿದರು. ಅದು ವರ್ಷಗಟ್ಟಲೆ ನಡೆಯಿತು. ನಿಮ್ಮ ಜಗಲಿಯ ಮೇಲಿರುವ ಉಕ್ಕಿನ ತಂತಿಗಳ ಸುತ್ತು ಆ ವರ್ಷದ ಪಾಠ. ನಮ್ಮ ತೋಟದಲ್ಲಿ ಅದರ ಶತ್ರುಗಳು ಬೇರೆ: ಹೆಗ್ಗಣ, ಮುಳ್ಳುಹಂದಿ, ಕಾಡುಹಂದಿಯ ಕೋರೆ, ಅಡಿಕೆಬುಡ ಬಿಡಿಸುವ ಹಾರೆ, ಎಲ್ಲಕ್ಕಿಂತ ಹೆಚ್ಚಾಗಿ ಕಣಿ ತೋಡುವ ಜೆಸಿಬಿ. ಪಿವಿಸಿಯ ಮೆತ್ತನೆಯ ಕವಚವನ್ನು ಗೆದ್ದಲೂ ಬಿಡುವುದಿಲ್ಲ. ಪಿವಿಸಿ ಪೈಪಿನೊಳಗೆ ಸಾದಾ ತಂತಿ ಎಳೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಪೈಪಿನ ತಗ್ಗಿನಲ್ಲಿ ಮಳೆಗಾಲವಿಡೀ ನೀರು ನಿಲ್ಲುತ್ತದೆ, ಪೈಪಿನ ಬಾಯಿಯಿಂದ ಇಲಿ ಒಳಗೆ ಹೋಗುತ್ತದೆ. ಸಾಲುವುದಿಲ್ಲ.

ಹಿಂಗಾರು ಮಳೆ ನಿಂತು ಮಣ್ಣು ಇನ್ನೂ ಮೆತ್ತಗಿರುವ ನವೆಂಬರ್, ಡಿಸೆಂಬರ್ ಅಗೆಯಲು ಒಳ್ಳೆಯ ಕಾಲ. ಮಾರ್ಚ್ ಬಂದರೆ ನಮ್ಮ ಮುರಕಲ್ಲು ಪಿಕ್ಕಾಸಿಗೂ ಬಗ್ಗುವುದಿಲ್ಲ. ಮುಕ್ಕಾಲು ಮೀಟರ್ ಆಳ ಬೇಕು, ವಾಹನ ಓಡಾಡುವಲ್ಲಿ ಒಂದು ಮೀಟರ್. ಅಡಿಕೆ ಸಾಲಿನ ನಡುವೆ ಹಾಯಿಸದೆ ತೋಟದ ಬದಿಯ ಕಟ್ಟೆಯ ಗುಂಟ ಹೋಗಿ. ಇಪ್ಪತ್ತು ಮೀಟರ್ ಹೆಚ್ಚಾದರೂ ಚಿಂತೆಯಿಲ್ಲ. ಚರಂಡಿಯ ತಳದಲ್ಲಿ ಮುರಕಲ್ಲಿನ ಚೂಪು ಮೂತಿಗಳು ಉಳಿಯುತ್ತವೆ. ಅವುಗಳ ಮೇಲೆ ನೇರವಾಗಿ ಕೇಬಲ್ ಹಾಸಿ ಮಣ್ಣು ದೂಡಿದರೆ ಎರಡು ಮಳೆಗಾಲದಲ್ಲಿ ಮಣ್ಣು ಕುಸಿದು ಕೂರುವಾಗ ಕಲ್ಲು ಕವಚವನ್ನು ಚುಚ್ಚುತ್ತದೆ. ಕೆಳಗೆ ನಾಲ್ಕು ಬೆರಳು ಮರಳು, ಮೇಲೆ ನಾಲ್ಕು ಬೆರಳು ಮರಳು. ಮರಳು ದುಬಾರಿ ಎನಿಸಿದರೆ ಜರಡಿ ಹಿಡಿದ ನುಣುಪು ಮಣ್ಣಾದರೂ ಆದೀತು. ತಿರುವುಗಳಲ್ಲಿ ಮಡಚಬೇಡಿ: ಕೇಬಲ್ಲಿನ ದಪ್ಪದ ಹನ್ನೆರಡು ಪಟ್ಟು ತ್ರಿಜ್ಯದ ಬಳುಕು ಇರಬೇಕು, ಅಂದರೆ ಹದಿನಾರು ಮಿ.ಮೀ. ಕೇಬಲ್ಲಿಗೆ ಒಂದು ಗೇಣಿನಷ್ಟು. ತೋಡು ದಾಟುವಲ್ಲಿ ಜಿಐ ಪೈಪಿನೊಳಗೆ ಒಯ್ಯಿರಿ.

ಮರಳಿನ ಮೇಲೆ ಹೆಂಚು ಮುಚ್ಚಿ. ಮನೆ ತಾರಸಿ ಮಾಡಿಸಿದವರ ಹಿತ್ತಿಲಲ್ಲಿ ಮಂಗಳೂರು ಹೆಂಚಿನ ರಾಶಿ ಇದ್ದೇ ಇರುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಮುಂದೆ ಹಾರೆ ಹಾಕುವವನಿಗೆ ಮೊದಲು ಹೆಂಚು ಠಣ್ ಎನ್ನುತ್ತದೆ, ಕೈ ನಿಲ್ಲುತ್ತದೆ. ಹೆಂಚಿನ ಈ ಬಳಕೆ ಹೊಸದೇನಲ್ಲ. 1851ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರಿಗೆ ತಂತಿ ಲೈನು ಎಳೆದ ಓಶಾನೆಸಿ ನೆಲದಡಿಯ ಭಾಗದಲ್ಲಿ ಕಬ್ಬಿಣದ ಸರಳನ್ನು ಚಾವಣಿ ಹೆಂಚುಗಳ ಸಾಲಿನಲ್ಲಿಟ್ಟು ಮರಳು ಮತ್ತು ಕರಗಿಸಿದ ರಾಳ ತುಂಬಿದ್ದರು. ಅದಕ್ಕೂ ಮೊದಲು, 1839ರಲ್ಲೇ ಅವರು ಕಲ್ಕತ್ತಾದಲ್ಲಿ ಪ್ರಯೋಗದ ಲೈನು ಹಾಕಿ, ಹೂಗ್ಲಿ ನದಿಯ ನೀರಿನಡಿಯಲ್ಲೂ ತಂತಿ ಹಾಯಿಸಿ ನೋಡಿದ್ದರು. ಅವರು ವೈದ್ಯರು, ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಕೈಗೆ ಸಿಕ್ಕ ಸ್ಥಳೀಯ ಸಾಮಗ್ರಿಯಿಂದಲೇ ಕೆಲಸ ತೆಗೆದ ಅವರ ಬಗೆ ನನಗೆ ಬಹಳ ಇಷ್ಟ.

ಉಕ್ಕಿನ ಕವಚವನ್ನು ಎರಡೂ ತುದಿಯಲ್ಲಿ ಗ್ಲ್ಯಾಂಡ್ (ಕೇಬಲ್ಲನ್ನು ಪೆಟ್ಟಿಗೆಗೆ ಬಿಗಿಹಿಡಿಯುವ ಲೋಹದ ಹಿಡಿಕೆ) ಹಾಕಿ ಬಿಗಿದು ಅರ್ತ್‌ಗೆ ಸೇರಿಸಬೇಕು. ಆರ್ಮರ್ ಇದೆಯಲ್ಲ ಎಂದು ಅರ್ತ್‌ನ ಕೋರನ್ನು ಬಿಡಬಾರದು. ಸಿಂಗಲ್ ಫೇಸಿಗೂ ಮೂರು ಕೋರಿನ ಕೇಬಲ್ಲನ್ನೇ ಕೊಳ್ಳಿ: ಕೆಂಪು ಅಥವಾ ಹಳದಿ ಅಥವಾ ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಎಂಬುದು ನಮ್ಮ ದೇಶದ ರೂಢಿ. ಮೂರು ಕೋರಿನಲ್ಲಿ ಬಣ್ಣ ಬೇರೆ ಬಂದರೆ ತುದಿಗಳಿಗೆ ಸರಿಯಾದ ಬಣ್ಣದ ಟೇಪ್ ಸುತ್ತಿಸಿ.

ಮುರಕಲ್ಲಿನ ಗುಡ್ಡೆ ಬೇಸಿಗೆಯಲ್ಲಿ ಒಣಗಿದಾಗ ಅರ್ತ್‌ನ ರೋಧ ಏರುತ್ತದೆ. 50 ಓಮ್ ಆಯಿತೆಂದು ಇಟ್ಟುಕೊಳ್ಳಿ: ಫೇಸ್ ತಂತಿ ಮೋಟಾರಿನ ಮೈಗೆ ತಾಗಿದರೂ ಹರಿಯುವುದು ನಾಲ್ಕೂವರೆ ಆಂಪಿಯರ್ ಮಾತ್ರ. ಹೆಚ್ಚು ಕರೆಂಟು ಹರಿದಾಗ ತಾನೇ ಬೀಳುವ ಸ್ವಿಚ್ಚಾದ 16 ಆಂಪಿಯರಿನ ಎಂಸಿಬಿ ಅದನ್ನು ಗಮನಿಸುವುದೇ ಇಲ್ಲ. ಪೈಪು, ಶೆಡ್ಡಿನ ಬಾಗಿಲು ಎಲ್ಲ ಕರೆಂಟಿನಲ್ಲೇ ಇರುತ್ತವೆ. ಕರೆಂಟು ಸೋರಿದಾಗ ತಾನೇ ಬೀಳುವ ಸ್ವಿಚ್ಚಾದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಪದೇ ಪದೇ ಬೀಳುತ್ತದೆ ಎಂದು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡಿಸಿಕೊಳ್ಳಬೇಡಿ, ಎಲ್ಲೋ ಸೋರಿಕೆ ಇದೆ, ಹುಡುಕಿಸಿ. ಹಾಗೆಯೇ, ಹಂದಿ ಕಾಟಕ್ಕೆಂದು ತೋಟದ ಲೈನಿನಿಂದ ಬೇಲಿಗೆ ಕರೆಂಟು ಕೊಡುವ ಕೆಲಸಕ್ಕೆ ದಯವಿಟ್ಟು ಯಾರೂ ಕೈ ಹಾಕಬೇಡಿ. ಅದು ಅಪರಾಧ, ಮತ್ತು ಸಾಯುವುದು ಹೆಚ್ಚಾಗಿ ಮುಂಜಾನೆ ಅಡಿಕೆ ಹೆಕ್ಕಲು ಬಂದ ನಮ್ಮವರೇ.

ನೀರಿನೊಳಗಿನ ಜೋಡಣೆ

ಸಬ್‌ಮರ್ಸಿಬಲ್ ಮೋಟಾರಿನಿಂದ ಹೊರಬರುವ ಚಪ್ಪಟೆ ಕೇಬಲ್ ಎರಡು ಮೂರು ಮೀಟರ್ ಮಾತ್ರ. ಅದಕ್ಕೆ ಉದ್ದದ ಕೇಬಲ್ಲನ್ನು ಜೋಡಿಸಬೇಕು, ಆ ಜೋಡಣೆ ಸದಾ ನೀರಿನಲ್ಲಿ ಇರುತ್ತದೆ. ಕೆರೆಯಿಂದ ಮೇಲೆತ್ತಿದ ‘ಸುಟ್ಟ’ ಮೋಟಾರುಗಳಲ್ಲಿ ಎಷ್ಟೋ ಸಲ ಸುಟ್ಟಿರುವುದು ಮೋಟಾರಲ್ಲ, ಈ ಜೋಡಣೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೂರು ಕೋರ್‌ಗಳನ್ನು ಒಂದೇ ಉದ್ದಕ್ಕೆ ಕತ್ತರಿಸಬಾರದು. ಒಂದು ಬದಿಯಲ್ಲಿ ಕೆಂಪು ಗಿಡ್ಡ, ಹಳದಿ ನಡು, ನೀಲಿ ಉದ್ದ. ಎದುರು ಬದಿಯಲ್ಲಿ ಇದಕ್ಕೆ ತಿರುವುಮುರುವು. ಹೀಗೆ ಮಾಡಿದರೆ ಮೂರು ಗಂಟುಗಳು ಎರಡೆರಡು ಇಂಚು ಅಂತರದಲ್ಲಿ ಬರುತ್ತವೆ, ಒಂದರ ಪಕ್ಕ ಒಂದು ಬರುವುದಿಲ್ಲ, ಜೋಡಣೆಯೂ ಉಬ್ಬಿಕೊಳ್ಳುವುದಿಲ್ಲ. ಹೊರ ಕವಚ ತೆಗೆಯುವಾಗ ಬ್ಲೇಡು ಒಳಗಿನ ಹೊದಿಕೆಗೆ ಗೀರು ಹಾಕದಂತೆ ನೋಡಿಕೊಳ್ಳಿ. ಗೀರು ಬಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ಮೊದಲಿನಿಂದ. ತಾಮ್ರವನ್ನು ಹೊಳೆಯುವಂತೆ ಕೆರೆದು, ಎರಡೂ ಕಡೆಯ ಎಳೆಗಳನ್ನು ಬಿಡಿಸಿ ಬೆರಳುಗಳನ್ನು ಹೆಣೆದುಕೊಂಡಂತೆ ಒಂದರೊಳಗೊಂದು ಸೇರಿಸಿ, ಬಿಗಿಯಾಗಿ ಹೊಸೆದು ಬೆಸುಗೆ ಹಾಕಬೇಕು. ಅಥವಾ ತಾಮ್ರದ ಫೆರುಲ್ (ಗಿಡ್ಡ ಕೊಳವೆ) ತೊಡಿಸಿ ಕ್ರಿಂಪ್ ಮಾಡಬೇಕು. ಬೆಸುಗೆಯಲ್ಲಿ ಮುಳ್ಳಿನಂತೆ ಏನಾದರೂ ಎದ್ದಿದ್ದರೆ ಅರದಿಂದ ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಅದು ಟೇಪನ್ನು ಒಳಗಿನಿಂದ ಚುಚ್ಚುತ್ತದೆ.

ಆಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪ್. ಅಂಟು ಇಲ್ಲದ ಟೇಪ್ ಇದು, ಎಳೆದು ಸುತ್ತಿದಾಗ ಮಾತ್ರ ಒಂದಕ್ಕೊಂದು ಕೂಡಿ ಒಂದೇ ಮೈಯಾಗುತ್ತದೆ. ಎಳೆಯದೆ ಸುತ್ತಿದರೆ ಕೂಡುವುದಿಲ್ಲ. ಗಂಟಿನಿಂದ ಒಂದಿಂಚು ಹಿಂದಿನ ಒಳ್ಳೆಯ ಹೊದಿಕೆಯ ಮೇಲೆ ಶುರುಮಾಡಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತುತ್ತಾ ಆಚೆಯ ಒಂದಿಂಚಿನವರೆಗೆ ಹೋಗಿ ಮರಳಿ ಬನ್ನಿ. ಬೆವರಿದ ಕೈ, ಎಣ್ಣೆಯ ಕೈ ಬೇಡ. ಕೈ ತೊಳೆದು ಒರೆಸಿಕೊಂಡು ಕುಳಿತುಕೊಳ್ಳಿ. ಒಂದೊಂದು ಕೋರಿಗೂ ಹೀಗೆ ಸುತ್ತಿ, ಮೂರನ್ನೂ ಸೇರಿಸಿ ಮತ್ತೊಮ್ಮೆ ರಬ್ಬರ್ ಟೇಪ್, ಅದರ ಮೇಲೆ ಪೆಟ್ಟು ತಡೆಯಲು ಪಿವಿಸಿ ಟೇಪ್. ಪಿವಿಸಿ ಟೇಪ್ ಒಂದನ್ನೇ ಸುತ್ತಿ ನೀರಿಗೆ ಬಿಡುವ ಜೋಡಣೆ ಎಷ್ಟೇ ದಪ್ಪವಿದ್ದರೂ ನೀರು ಕುಡಿಯುತ್ತದೆ.

ಮೋಟಾರನ್ನು ಕೆರೆಗೆ ಇಳಿಸುವ ಮೊದಲು ಜೋಡಣೆಯನ್ನು ಬಕೆಟ್ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಮರುದಿನ ಕೋರ್‌ಗೂ ನೀರಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ಹೊದಿಕೆಯ ರೋಧ ಅಳೆಯುವ ಉಪಕರಣ) ಹಿಡಿಸಿ ನೋಡಿ. ಗಟ್ಟಿ ಜೋಡಣೆ ನೂರು ಮೆಗಾಓಮ್ ದಾಟಿ ತೋರಿಸುತ್ತದೆ. ಒಂದೆರಡು ಮೆಗಾಓಮ್ ತೋರಿಸಿದರೆ ಬಿಚ್ಚಿ ಮತ್ತೆ ಮಾಡಿ. ಮೂವತ್ತು ಅಡಿ ಕೆಳಗಿನಿಂದ ಮೋಟಾರನ್ನು ಮತ್ತೆ ಎತ್ತುವುದಕ್ಕಿಂತ ಇದು ಸುಲಭ.

ಇಂಟರ್ನೆಟ್ ಮತ್ತು ಸಿಡಿಲು

ಈಚೆಗೆ ತೋಟದ ಮನೆಗಳಿಗೂ ಫೈಬರ್ ಬಂದಿದೆ. 2023ರ ಜೂನಿನಲ್ಲಿ ಉದ್ಘಾಟನೆಯಾದ, ಕೇರಳ ಸರ್ಕಾರದ ಕೆ-ಫೋನ್ ಇಂಟರ್ನೆಟ್ ಜಾಲವೂ ವಿದ್ಯುತ್ ಕಂಬಗಳ ಮೇಲೆಯೇ ಹಾದುಹೋಗುತ್ತದೆ. 1966ರಲ್ಲಿ ಚಾರ್ಲ್ಸ್ ಕಾವೊ ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಬೆಳಕು ದೂರ ಹೋಗುತ್ತದೆ ಎಂದು ತೋರಿಸಿಕೊಟ್ಟರು, 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂಥ ಗಾಜಿನ ಎಳೆಯನ್ನು ಮಾಡಿತು, 1988ರಲ್ಲಿ ಅಟ್ಲಾಂಟಿಕ್ಕಿನ ತಳದಲ್ಲಿ ಫೈಬರ್ ಕೇಬಲ್ ಮಲಗಿತು. ನಮ್ಮ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ಒಂದೇ: ಗಾಜಿನಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ.

ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು ಕಾಸರಗೋಡಿನವರಿಗೆ ಹೇಳಿಕೊಡಬೇಕಾದದ್ದಲ್ಲ. ಮನೆಯಿಂದ ತೋಟದ ಶೆಡ್ಡಿಗೋ ಹೊರಗಿನ ಕೋಣೆಗೋ ಕ್ಯಾಮೆರಾಕ್ಕಾಗಿ ತಾಮ್ರದ ಲ್ಯಾನ್ ಕೇಬಲ್ ಎಳೆದರೆ, ಹತ್ತಿರ ಎಲ್ಲೋ ಬಿದ್ದ ಸಿಡಿಲೂ ಅದರೊಳಗೆ ವೋಲ್ಟೇಜ್ ಹುಟ್ಟಿಸಿ ಎರಡು ತುದಿಯ ಉಪಕರಣಗಳನ್ನೂ ಸುಡಬಹುದು. ಜೋಡಿ ತಂತಿಗಳನ್ನು ಒಂದಕ್ಕೊಂದು ಹೊಸೆದು ಗದ್ದಲ ಕಡಿಮೆ ಮಾಡುವ ಉಪಾಯ 1881ರಲ್ಲಿ ಬೆಲ್ ಕಂಡುಕೊಂಡದ್ದು. ಅದು ಗದ್ದಲಕ್ಕೆ ಮದ್ದು, ಸಿಡಿಲಿಗಲ್ಲ. ಲ್ಯಾನ್ ಕೇಬಲ್ ನೂರು ಮೀಟರ್ ದಾಟಿದರೆ ಕೆಲಸವನ್ನೂ ಸರಿಯಾಗಿ ಮಾಡುವುದಿಲ್ಲ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಬೆಳಕಿನ ಸಂಕೇತವನ್ನೂ ವಿದ್ಯುತ್ ಸಂಕೇತವನ್ನೂ ಒಂದಕ್ಕೊಂದು ಬದಲಿಸುವ ಪೆಟ್ಟಿಗೆ) ಹಾಕಿಸಿ. ಕಂಬದಿಂದ ಮನೆಗೆ ಬರುವ ಫೈಬರಿನ ಬದಿಯಲ್ಲಿ ಭಾರ ಹೊರಲೆಂದು ಒಂದು ಉಕ್ಕಿನ ತಂತಿ ಇರುವುದುಂಟು. ಅದನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಬೇಕು, ಮೋಡೆಮ್ಮಿನವರೆಗೆ ಎಳೆದು ತರಬಾರದು. ಒಂದೇ ಚರಂಡಿಯಲ್ಲಿ ಪವರ್ ಕೇಬಲ್ಲನ್ನೂ ಲ್ಯಾನ್ ಕೇಬಲ್ಲನ್ನೂ ಹಾಕುವುದಾದರೆ ಒಂದಡಿ ಅಂತರ ಇರಲಿ.

ಚಾಲೂ ಮಾಡುವ ದಿನ

ಚರಂಡಿ ಮುಚ್ಚುವ ಮೊದಲು ಮೊಬೈಲಿನಲ್ಲಿ ಉದ್ದಕ್ಕೂ ಫೋಟೋ ತೆಗೆದುಕೊಳ್ಳಿ, ಪ್ರತಿ ತಿರುವಿನಲ್ಲೂ ಒಂದು ಗುರುತಿನ ಕಲ್ಲು ನೆಡಿ. ಎರಡೂ ತುದಿ ಬಿಚ್ಚಿರುವಾಗಲೇ ಕೋರ್ ಕೋರಿನ ನಡುವೆ, ಪ್ರತಿ ಕೋರಿಗೂ ಆರ್ಮರಿಗೂ ನಡುವೆ ಮೆಗ್ಗರ್ ಹಿಡಿಸಿ. ಒಂದು ಮೆಗಾಓಮಿಗಿಂತ ಕಡಿಮೆ ಇದ್ದರೆ ಕರೆಂಟು ಕೊಡುವ ಮಾತೇ ಇಲ್ಲ. ಹೊಸ ಕೇಬಲ್ ಇದಕ್ಕಿಂತ ಎಷ್ಟೋ ಪಟ್ಟು ಮೇಲೆ ಇರಬೇಕು. ಸಂಪರ್ಕ ಆದಮೇಲೆ ಪಂಪ್ ಓಡುತ್ತಿರುವಾಗ ಮೀಟರಿನ ಬಳಿ ಮತ್ತು ಮೋಟಾರಿನ ಪ್ಯಾನೆಲಿನಲ್ಲಿ ವೋಲ್ಟೇಜ್ ಅಳೆಸಿ, ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿಸಿ. ನೀವು ಕಾಗದದಲ್ಲಿ ಹಾಕಿದ ಲೆಕ್ಕಕ್ಕೂ ಇದಕ್ಕೂ ಒಂದೆರಡು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಒಂದು ಲಗ್ ಸಡಿಲವಿದೆ, ಅಥವಾ ಅಂಗಡಿಯವರು ಕೊಟ್ಟ ಕೇಬಲ್ಲಿನಲ್ಲಿ ಹೇಳಿದಷ್ಟು ಲೋಹ ಇಲ್ಲ.

ಈ ಅಂಕಿಗಳನ್ನೆಲ್ಲ ದಿನಾಂಕ ಸಹಿತ ಒಂದು ಹಾಳೆಯಲ್ಲಿ ಬರೆದು, ಕೇಬಲ್ ಹೋದ ದಾರಿಯ ನಕ್ಷೆಯನ್ನೂ ಅದರಲ್ಲೇ ಗೀಚಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪ್ಯಾನೆಲಿನ ಬಾಗಿಲಿನ ಒಳಬದಿಗೆ ಅಂಟಿಸಿ. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಮೆಗ್ಗರ್ ಹಿಡಿಸಿ ಹೊಸ ಅಂಕಿಯನ್ನು ಅದರ ಕೆಳಗೆ ಬರೆಯಿರಿ. ಹೋದ ವರ್ಷ ನೂರಿದ್ದದ್ದು ಈ ವರ್ಷ ಹತ್ತಾಗಿದ್ದರೆ ಮೋಟಾರು ಇನ್ನೂ ಓಡುತ್ತಿದ್ದರೂ ಕಾಯಬೇಡಿ. ಮೊದಲು ನೀರಿನೊಳಗಿನ ಜೋಡಣೆಯನ್ನು, ಆಮೇಲೆ ಗ್ಲ್ಯಾಂಡುಗಳನ್ನು, ಕೊನೆಗೆ ತೋಡು ದಾಟುವ ಜಾಗವನ್ನು ನೋಡಿಸಿ.